ಮಂಜಲ್ಲ, ಧೂಳು

ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ.
ನಾಲಿಗೆಗೆ ಉಪ್ಪು ಬಂತು, ಮಿರ್ಚಿಯ ಖಾರ ಬಂತು.
ರಿಪೋರ್ಟು ಚೆನ್ನಾಗೈತೆ ಅಂದ್ರು ಡಾಕ್ಟ್ರು.
ನಮ್ಮನಿಯವ್ರು ಎರ್ರಿತಾತನ ಗುಡಿಯಾಗ ಕಾಯಿ ಒಡೆಸಿ
ಮರುಹುಟ್ಟು ಅಂತ ಓಣಿಗೆಲ್ಲ ಹೇಳಿದ್ರು.

ಮರುಹುಟ್ಟಿದವಳಿಗೆ
ಮೊನ್ನೆ ಒಂದು ಮಾತು ಸಿಗಲಿಲ್ಲ.

ಕಿತ್ತ ಗುಂಡಿ ಹಿಡಕೊಂಡು ನಿಂತಿದ್ದ ಗಾದಿಲಿಂಗ,
ಸಾಲಿಗೆ ಹೊತ್ತಾಗಿತ್ತು.
"ತಗೊಂಬಾ ಅದನ್ನ" ಅಂದೆ.
"ಯಾವುದಮ್ಮಾ?"
"ಅದೇ, ಸಣ್ಣಂದು, ಚುಚ್ಚತೈತಲ್ಲ,
ಕಣ್ಣಿರತೈತಲ್ಲ, ನೋಡಾಕ ಬರಲ್ಲ..."
ಒಗಟು ಅನ್ಕೊಂಡು ಹುಡುಗ ನಕ್ಕ.

ನಾನು ನಗಲಿಲ್ಲ. ಹದಿನಾರು ವರ್ಷ
ಕೌಲ್ ಬಜಾರದ ಜೀನ್ಸ್ ಕಾರ್ಖಾನ್ಯಾಗ
ಅದರ ಬೆನ್ನು ಹತ್ತಿ ಉಂಡವಳು ನಾನು.

ತವರಿನ ತೆಲುಗು ಮೊದಲು ಬಂತು: ಸೂದಿ.
ಅದರ ಹಿಂದೇನೇ ಖಾಜಾಬಿಯ ಸುಯಿ.
ಎರಡೂ ಬಾಗಿಲಾಗ ನಿಂತವು ನೆಂಟರಂಗೆ,
ಮನಿಯಾಕಿ ಎಲ್ಲಿ ಅಂತ ಕೇಳಿದಂಗೆ.
ಮನಿಯಾಕಿ ಬರಲಿಲ್ಲ.

ಮೊದಲು ನಾನು ಬರಕೊಂಡವಳಲ್ಲ.
ಬಂಡಲ್ಲಿಗೆ ನಲವತ್ತು, ವಾರಕ್ಕೆ ಎಷ್ಟು ಬಂಡಲ್,
ಯಾರ ಪೀಸಿಗೆ ಎಷ್ಟು ರೊಕ್ಕ,
ಮೇಸ್ತ್ರಿ ತಪ್ಪಿದ್ರೆ ಬಾಯಾಗೇ ತಿದ್ದತಿದ್ದೆ.
ಈಗ ಬಟ್ಟಿ ಮ್ಯಾಲೆ ಸೀಮೆಸುಣ್ಣದಾಗ ಗೀಟು ಎಳೀತೀನಿ,
ನಾಕು ಗೀಟು, ಅಡ್ಡ ಒಂದು.
ನನ್ನ ಮೊಣಕೈನೇ ಅದನ್ನ ಒರೆಸಿಬಿಡತೈತೆ.

ಒಂದಿನ ನಲವತ್ತು ಪ್ಯಾಂಟಿಗೂ
ಎಡಗಡೆ ಕಿಸೆಯನ್ನೇ ಎರಡು ಕಡಿಗೂ ಹಚ್ಚಿಬಿಟ್ಟಿದ್ದೆ.
ಯಾರೂ ಬೈಯಲಿಲ್ಲ. ಅದೇ ಹೆಚ್ಚು ನೋಯಿತು.
ಮೇಸ್ತ್ರಿ ಪಂಪಣ್ಣ ನನ್ನ ಖಾಲಿ ಎದೆ ಕಡೆ ನೋಡಿ
ತಟ್ಟನೆ ನೆಲ ನೋಡಿದ.

ಖಾಜಾಬಿ ಸ್ಟೂಲು ಎಳಕೊಂಡು ಪಕ್ಕ ಕುಂತ್ಲು.
ಬ್ಲೇಡು ಎರಡು ತುಂಡು ಮಾಡಿ ಒಂದು ನನಗೆ ಕೊಟ್ಲು.
ಮಗ್ರಿಬಿನ ಕೂಗು ಕೇಳೋವರೆಗೂ ಬಿಚ್ಚಿದ್ವಿ.
ಹೊಲಿಯೋಕಿಂತ ಬಿಚ್ಚೋದು ನಿಧಾನ.
ಮಡಿಲ ತುಂಬ ಉದುರಿದ ಹಳದಿ ದಾರ.
ಒಂದು ಸಲ ನನ್ನ ತಲೆ ಮುಟ್ಟಿ ನೋಡಿಕೊಂಡೆ.

"ತೂತು ಉಳೀತಾವಲ್ಲ" ಅಂದೆ.
"ಒಗದ್ರೆ ಮುಚ್ಕೊಂತಾವ" ಅಂದ್ಲು.
ಆಮ್ಯಾಲೆ, ಸುಳ್ಳು ಹೇಳಬಾರದಂತ,
"ಪೂರಾ ಅಲ್ಲ" ಅಂದ್ಲು.

ಎದ್ಯಾಗಿಂದ ಎದ್ದು ತಲಿಗೆ ಹತ್ತೈತೇನೋ ಅದು?
ರಾತ್ರಿಯೆಲ್ಲ ಇದೇ.
ಗಂಡನಿಗೆ ಹೇಳಲಿಲ್ಲ. ಅವನ ಲೆಕ್ಕದಾಗ
ಮುಗಿದೈತೆ, ಕಾಯಿ ಒಡದಾಗೈತೆ.

ದವಾಖಾನ್ಯಾಗ ರಕ್ತ ತೆಗೆಯೋ ನರ್ಸಮ್ಮನ್ನ ಮೆಲ್ಲಕ ಕೇಳಿದೆ.
ಅವಳ ಕೈಯಾಗೂ ಅದೇ ಇತ್ತು, ನನಗೆ ಹೆಸರು ಬಾರದ್ದು.
"ಭಾಳ ಮಂದಿಗೆ ಆಗತೈತೆ ಸುಂಕಮ್ಮ.
ಔಷಧದ ಮಂಜು ಅದು, ತಲಿಗೆ ಕವಿದಿರತೈತೆ.
ನಿಧಾನಕ್ಕೆ ತಿಳಿಯಾಗತೈತೆ."

ಮಂಜು! ಬಳ್ಳಾರಿಯಾಗ!
ಎಂಟು ತಿಂಗಳಾಗ ಮೊದಲ ಸಲ ನಕ್ಕೆ.
ನಮ್ಮ ಕಲ್ಲುಗುಡ್ಡ ಜನವರಿಯಾಗೂ
ಮೈಮ್ಯಾಲೆ ಏನೂ ಹೊದಿಯಲ್ಲ.
ಧೂಳು ಅನ್ನಮ್ಮ, ಧೂಳು ಅನ್ನು.
ಅದಿರಿನ ಲಾರಿ ಹೋದ ಮ್ಯಾಲೆ
ಒಣಹಾಕಿದ ಬಿಳಿ ಲುಂಗಿ ಮ್ಯಾಲೆ
ಕೆಂಪಗೆ ಕುಂದ್ರತೈತಲ್ಲ, ಅದು ನನಗೆ ಗೊತ್ತು.
ಜಾಡಿಸಬೇಕು. ನಾಳೆ ಮತ್ತೆ ಬರತೈತೆ.
ಮತ್ತೆ ಜಾಡಿಸಬೇಕು.
ಹಂಗಂತ ನಮ್ಮ ಓಣ್ಯಾಗ ಯಾರೂ
ಬಟ್ಟೆ ಒಣಹಾಕೋದು ಬಿಟ್ಟಿಲ್ಲ.

ಅವತ್ತು ನಡುರಾತ್ರಿ, ಕರೆಂಟ್ ಹೋದಾಗ,
ಯಾರೂ ಕೇಳದೆ ಇದ್ದಾಗ ಬಂತು ಆ ಮಾತು,
ಸೆಕೆಂಡ್ ಷೋ ಮುಗಿಸಿ ಚಪ್ಪಲಿ ಕೈಯಾಗ ಹಿಡಕೊಂಡು
ಒಳಗೆ ನುಸುಳೋ ಹುಡುಗನಂಗೆ.
ಬೈಯಲಿಲ್ಲ. ಸುಮ್ನೆ ಜಾಗ ಕೊಟ್ಟೆ.

ಬೆಳಗ್ಗೆ, ಮರೀಬಾರದಂತ,
ಅದನ್ನೇ ಸೆರಗಿಗೆ ಚುಚ್ಚಿಕೊಂಡು ಹೊರಟೆ.
ಯಾಕೆ ಚುಚ್ಚಿಕೊಂಡೆ ಅನ್ನೋದು
ಮೋತಿ ಸರ್ಕಲ್ ದಾಟೋದ್ರಾಗ ಮರ್ತಿತ್ತು.

"ಸೆರಗಿನ್ಯಾಗ ಏನದು?" ಕೇಳಿದ್ಲು ಖಾಜಾಬಿ.
"ಸೂಜಿ" ಅಂದೆ.

ಅವಳು ಇಪ್ಪತ್ತೇ ಪೀಸು ಎಣಿಸಿ ನನ್ನ ಮುಂದಿಟ್ಲು.
ನಾನೂ ಒಂದು ಸಲ ಎಣಿಸಿದೆ.
ಹತ್ತೊಂಬತ್ತು ಬಂತು.
ಮತ್ತೆ ಎಣಿಸಾಕ ಕುಂತೆ.